ಅಶೋಕದ ಸಸಿಗೆ ಎಷ್ಟು ಬಿಸಿಲು ಬೇಕು?

ಮೂರು ವರ್ಷದ ಹಿಂದೆ, ಡಿಸೆಂಬರ್ ತಿಂಗಳಲ್ಲಿ, ದಾವಣಗೆರೆಯ ನಮ್ಮ ಮನೆಯ ಉತ್ತರದ ಕಡೆ ಒಂದು ಅಶೋಕದ ಸಸಿ ನೆಟ್ಟೆ. ಜಾಗ ನೋಡಿಯೇ ನೆಟ್ಟಿದ್ದೆ. ಇದು ಘಟ್ಟದ ಕಾಡಿನ ಗಿಡ, ನೆರಳು ಬೇಕು ಅಂತ ಗೊತ್ತಿತ್ತು. ಗೋಡೆಯಿಂದ ಆರಡಿ ದೂರದಲ್ಲಿ, ಮನೆಯ ನೆರಳು ಹಗಲೆಲ್ಲ ಬೀಳುವ ಕಡೆ ಗುಂಡಿ ತೋಡಿದೆ. ಜನವರಿ, ಫೆಬ್ರವರಿ ಚೆನ್ನಾಗಿ ಕಳೆಯಿತು. ಮಾರ್ಚ್‌ನಲ್ಲಿ ಎಲೆಯ ಅಂಚು ಕಂದಿತು. ಏಪ್ರಿಲ್‌ನಲ್ಲಿ ಎಲೆಗಳ ನಡುವೆ ಬಿಳಿಚಿದ ಮಚ್ಚೆ ಎದ್ದವು. ಆಮೇಲೆ ಆ ಮಚ್ಚೆಗಳೇ ಸುಟ್ಟ ಕಾಗದದ ಹಾಗೆ ಕಂದು ಬಣ್ಣಕ್ಕೆ ತಿರುಗಿದವು. ದಿನಕ್ಕೆ ಎರಡು ಸಲ ನೀರು ಹಾಕಿದೆ. ಮೇ ತಿಂಗಳಲ್ಲಿ ಗಿಡ ಹೋಯಿತು.

ನೀರು ಕಡಿಮೆಯಾಗಿರಲಿಲ್ಲ. ಮಣ್ಣೂ ಕೆಟ್ಟದ್ದಲ್ಲ. ಹಾಗಿದ್ದರೆ ತಪ್ಪಿದ್ದೆಲ್ಲಿ? ಇದನ್ನು ಹುಡುಕುತ್ತಾ ಹೋದಾಗ ಬಿಸಿಲು, ನೆರಳು ಎಂದು ನಾವು ಸುಲಭವಾಗಿ ಹೇಳುವ ಎರಡು ಮಾತಿನ ಹಿಂದೆ ಎಷ್ಟೊಂದು ವಿಷಯ ಇದೆ ಅಂತ ತಿಳಿಯಿತು. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಯಾವ ಅಶೋಕ ಎಂಬುದು ಸ್ಪಷ್ಟವಾಗಲಿ. ಶಾಲೆ, ಕಲ್ಯಾಣ ಮಂಟಪಗಳ ಕಾಂಪೌಂಡ್ ಪಕ್ಕ ಕಂಬದ ಹಾಗೆ ನೆಟ್ಟಗೆ ನಿಂತಿರುತ್ತದಲ್ಲ, ಅದನ್ನೂ ಜನ ಅಶೋಕ ಅಂತಲೇ ಕರೆಯುತ್ತಾರೆ. ಅದು ಸೀತಾಫಲದ ಬಳಗಕ್ಕೆ ಸೇರಿದ ಬೇರೆ ಮರ. ನಾನು ಹೇಳುತ್ತಿರುವುದು ಸೀತಾ ಅಶೋಕ. ಹಳೆಗನ್ನಡದಲ್ಲಿ ಅಸುಗೆ. ಸಸ್ಯಶಾಸ್ತ್ರದ ಹೆಸರು ಸರಾಕಾ ಅಸೋಕಾ. ಅಷ್ಟೇನೂ ಎತ್ತರ ಬೆಳೆಯದ, ಸದಾ ಹಸಿರಾಗಿರುವ ಮರ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಕಿತ್ತಳೆ ಬಣ್ಣದ ಹೂವಿನ ಗೊಂಚಲು ಬಿಡುತ್ತದೆ. ದಿನ ಕಳೆದ ಹಾಗೆ ಆ ಕಿತ್ತಳೆ ಕೆಂಪಾಗುತ್ತದೆ. ಪಶ್ಚಿಮ ಘಟ್ಟದ ಹಳ್ಳಗಳ ಪಕ್ಕ, ದೊಡ್ಡ ಮರಗಳ ಅಡಿಯಲ್ಲಿ ಇದರ ವಾಸ. ಅಶೋಕಾರಿಷ್ಟ ಎಂಬ ಆಯುರ್ವೇದದ ಔಷಧಿಗೆ ಇದರ ತೊಗಟೆಯೇ ಬೇಕು. ಆ ತೊಗಟೆಗಾಗಿ ಕಾಡಿನಲ್ಲಿ ಮರಗಳನ್ನು ಸುಲಿದೂ ಸುಲಿದು, ಈಗ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಅಪಾಯಕ್ಕೆ ಸಿಲುಕಿದ ಗಿಡಗಳ ಮೊದಲ ಮೆಟ್ಟಿಲಾದ ‘ವಲ್ನರಬಲ್’ ಗುಂಪಿನಲ್ಲಿದೆ.

ಇನ್ನು ನನ್ನ ಗಿಡದ ವಿಷಯ. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಿತ್ರದುರ್ಗವೂ ಹೆಚ್ಚುಕಡಿಮೆ ಅಷ್ಟೇ. ಡಿಸೆಂಬರ್‌ನಲ್ಲಿ ನಮಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನಡುಹಗಲಲ್ಲೂ ನೆತ್ತಿಯಿಂದ ಸುಮಾರು 38 ಡಿಗ್ರಿ ಕೆಳಗಿರುತ್ತಾನೆ. ಆಗ 14 ಅಡಿ ಎತ್ತರದ ಮನೆಯ ನೆರಳು ಉತ್ತರಕ್ಕೆ ಸುಮಾರು 11 ಅಡಿ ಚಾಚುತ್ತದೆ. ಆರಡಿ ದೂರದ ಗಿಡ ಆರಾಮಾಗಿ ಆ ನೆರಳಿನೊಳಗೆ ಇರುತ್ತದೆ. ಆದರೆ ಸೂರ್ಯ ದಿನದಿನಕ್ಕೂ ಉತ್ತರಕ್ಕೆ ಸರಿಯುತ್ತಾನೆ. ಫೆಬ್ರವರಿ ಕೊನೆಗೆ ಆ ನೆರಳು ಆರಡಿಗೆ ಇಳಿಯುತ್ತದೆ. ಏಪ್ರಿಲ್ ಕೊನೆಗೆ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಮಧ್ಯಾಹ್ನ ಮನೆಗೆ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನಮಗಿಂತ ಉತ್ತರಕ್ಕೇ ಇರುತ್ತಾನೆ. ಅಂದರೆ ಮನೆಯ ಉತ್ತರದ ಗೋಡೆಗೆ ವರ್ಷದಲ್ಲಿ ಅತಿ ಹೆಚ್ಚು ಬಿಸಿಲು ಬೀಳುವುದೇ ಆ ತಿಂಗಳುಗಳಲ್ಲಿ. ಉತ್ತರ ಎಂದರೆ ನೆರಳು ಅಂತ ಚಳಿಗಾಲದಲ್ಲಿ ನೋಡಿ ನಾನು ತೀರ್ಮಾನ ಮಾಡಿದ್ದೆ. ಬೇಸಿಗೆಯಲ್ಲಿ ಅದು ಬಯಲಾಯಿತು.

ಸರಿ, ಬಿಸಿಲು ಬಿತ್ತು. ಗಿಡಕ್ಕೆ ಬಿಸಿಲೇ ಊಟ ತಾನೇ? ಜಾಸ್ತಿ ಊಟ ಸಿಕ್ಕರೆ ಗಿಡ ಸಾಯುವುದೇಕೆ?

ನಮ್ಮ ಊರಿನ ಮಂಡಕ್ಕಿ ಭಟ್ಟಿಯನ್ನು ನೆನೆಸಿಕೊಳ್ಳಿ. ಉರಿ ಹದವಾಗಿದ್ದರೆ ಅಕ್ಕಿ ಅರಳಿ ಮಂಡಕ್ಕಿ ಆಗುತ್ತದೆ. ಉರಿ ಏರುತ್ತಲೇ ಹೋಗಿ, ಕೈಯಾಡಿಸುವವರ ಕೈ ಅಷ್ಟು ಬೇಗ ಓಡದಿದ್ದರೆ? ಮಂಡಕ್ಕಿ ಸೀದುಹೋಗುತ್ತದೆ. ಎಲೆಯ ಒಳಗೂ ಹೀಗೇ. ಪತ್ರಹರಿತ್ತು, ಅಂದರೆ ಎಲೆಯ ಹಸಿರು, ಬೆಳಕನ್ನು ಹಿಡಿಯುತ್ತದೆ. ಹಿಡಿದ ಶಕ್ತಿಯನ್ನು ಬಳಸಿಕೊಂಡು ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದ ಸಕ್ಕರೆ ಮಾಡುವ ಕೆಲಸ ಕಿಣ್ವಗಳದು, ಅಂದರೆ ರಾಸಾಯನಿಕ ಕ್ರಿಯೆ ನಡೆಸುವ ಪ್ರೋಟೀನ್‌ಗಳದು. ಹಿಡಿಯುವ ಕೆಲಸ ಕ್ಷಣದ್ದು. ಸಕ್ಕರೆ ಮಾಡುವ ಕೆಲಸ ನಿಧಾನದ್ದು. ಬೆಳಕು ಕಡಿಮೆ ಇದ್ದಾಗ ಎರಡೂ ಹೊಂದಿಕೊಂಡು ಹೋಗುತ್ತವೆ. ಬೆಳಕು ಏರಿದಂತೆ ಒಂದು ಹಂತದಲ್ಲಿ ಸಕ್ಕರೆಯ ಕೆಲಸ ತನ್ನ ಮಿತಿ ಮುಟ್ಟುತ್ತದೆ. ಅದಕ್ಕಿಂತ ಮೇಲೆ ಎಷ್ಟು ಬೆಳಕು ಬಿದ್ದರೂ ಬೆಳವಣಿಗೆ ಹೆಚ್ಚುವುದಿಲ್ಲ. ಆದರೆ ಬೆಳಕು ಹಿಡಿಯುವುದಂತೂ ನಿಲ್ಲುವುದಿಲ್ಲ. ಹೀಗೆ ಉಳಿದ ಶಕ್ತಿಯನ್ನು ಎಲೆ ಶಾಖವಾಗಿ ಹೊರಗೆ ಬಿಡಲು ನೋಡುತ್ತದೆ. ಅದೂ ಸಾಲದಾದಾಗ ಆ ಶಕ್ತಿ ಎಲೆಯ ಒಳಗಿನ ಯಂತ್ರವನ್ನೇ ಒಡೆಯುತ್ತದೆ. ಪತ್ರಹರಿತ್ತು ಹಾಳಾಗುತ್ತದೆ. ನಾನು ಏಪ್ರಿಲ್‌ನಲ್ಲಿ ನೋಡಿದ ಬಿಳಿಚಿದ ಮಚ್ಚೆ ಇದೇ.

ಈ ಮಿತಿ ಎಲ್ಲ ಗಿಡಕ್ಕೂ ಒಂದೇ ಅಲ್ಲ. ನಮ್ಮ ಜಿಲ್ಲೆಯ ಮೆಕ್ಕೆಜೋಳವನ್ನೇ ನೋಡಿ. ಅದು ಇಂಗಾಲದ ಡೈಆಕ್ಸೈಡ್ ಅನ್ನು ಎಲೆಯೊಳಗೆ ಒತ್ತಾಗಿ ಕೂಡಿಡುವ ಬೇರೊಂದು ವಿಧಾನ ಕಂಡುಕೊಂಡಿದೆ. ಹಾಗಾಗಿ ನಡುಮಧ್ಯಾಹ್ನದ ಪೂರ್ತಿ ಬಿಸಿಲನ್ನೂ ಅದು ಬಳಸಿಕೊಳ್ಳಬಲ್ಲದು. ನೆರಳಲ್ಲಿ ಬೆಳೆದ ಕಾಡುಗಿಡದ ಎಲೆಗೆ ಸಾಮಾನ್ಯವಾಗಿ ಪೂರ್ತಿ ಬಿಸಿಲಿನ ಹತ್ತರಲ್ಲಿ ಒಂದೆರಡು ಪಾಲಿಗೇ ಹೊಟ್ಟೆ ತುಂಬುತ್ತದೆ. ಉಳಿದದ್ದೆಲ್ಲ ಅದಕ್ಕೆ ಹೊರೆ.

ಇನ್ನೊಂದು ಹೋಲಿಕೆ ನನಗೆ ಇದಕ್ಕಿಂತ ಹಿಡಿಸಿತು. ಅಶೋಕ ಮತ್ತು ಹುಣಸೆ ಹತ್ತಿರದ ನೆಂಟರು. ಸಸ್ಯಶಾಸ್ತ್ರದಲ್ಲಿ ಎರಡೂ ಒಂದೇ ಉಪಕುಟುಂಬದವು. ಆದರೆ ಚಿತ್ರದುರ್ಗದ ಬಂಡೆಗಳ ನಡುವೆ, ಚಳ್ಳಕೆರೆ ರಸ್ತೆಯ ಪಕ್ಕ ಹುಣಸೆ ಎಷ್ಟು ಬಿಸಿಲಿಗೂ ಜಗ್ಗದೆ ನಿಲ್ಲುತ್ತದೆ. ಎಲೆ ನೋಡಿದರೆ ಕಾರಣ ಅರ್ಧ ಗೊತ್ತಾಗುತ್ತದೆ. ಹುಣಸೆಯ ಎಲೆ ಉಗುರಿನಷ್ಟು. ಸಣ್ಣ ಎಲೆಯ ಶಾಖವನ್ನು ಗಾಳಿ ಬೇಗ ಹೊತ್ತೊಯ್ಯುತ್ತದೆ. ಹಾಗಾಗಿ ಅದು ಸುತ್ತಲಿನ ಗಾಳಿಗಿಂತ ಜಾಸ್ತಿ ಕಾಯುವುದಿಲ್ಲ. ಅಶೋಕದ ಒಂದೊಂದು ಎಲೆ ಗೇಣುದ್ದ. ಅಗಲವಾದ ಎಲೆಯ ಮೇಲೆ ಗಾಳಿಯ ಒಂದು ಪದರ ಅಂಟಿದ ಹಾಗೆ ನಿಂತಿರುತ್ತದೆ. ಶಾಖ ಬೇಗ ಹೊರಹೋಗುವುದಿಲ್ಲ. ಬಿಸಿಲಿನಲ್ಲಿ ಈ ಎಲೆ ಗಾಳಿಗಿಂತ ಎಷ್ಟೋ ಡಿಗ್ರಿ ಹೆಚ್ಚು ಕಾಯುತ್ತದೆ. ತಂಪಾಗಲು ಇರುವ ಮುಖ್ಯ ದಾರಿ ಬೆವರುವುದು. ಎಲೆಯ ಸಣ್ಣ ಸಣ್ಣ ಪತ್ರರಂಧ್ರಗಳಿಂದ ನೀರಾವಿ ಬಿಡುವುದು. ಘಟ್ಟದ ಹಳ್ಳದ ಪಕ್ಕ ಗಾಳಿಯೇ ತೇವ. ನೆರಳೂ ಇರುವುದರಿಂದ ಅಲ್ಲಿ ಸ್ವಲ್ಪ ನೀರಿನಲ್ಲೇ ಈ ಕೆಲಸ ನಡೆಯುತ್ತದೆ. ನಮ್ಮ ಏಪ್ರಿಲ್‌ನ ಒಣಗಾಳಿ ಎಲೆಯಿಂದ ನೀರನ್ನು ಹೀರಿ ಎಳೆಯುತ್ತದೆ. ಎಳೆ ಸಸಿಯ ಬೇರು ಅಷ್ಟು ಬೇಗ ನೀರು ಪೂರೈಸಲಾರದು. ನೀರು ಉಳಿಸಲು ಗಿಡ ಪತ್ರರಂಧ್ರ ಮುಚ್ಚುತ್ತದೆ. ಮುಚ್ಚಿದರೆ ಬೆವರು ನಿಂತು ಎಲೆ ಕಾಯುತ್ತದೆ. ಇಂಗಾಲದ ಡೈಆಕ್ಸೈಡ್ ಕೂಡ ಒಳಗೆ ಬರುವುದಿಲ್ಲ. ಸಕ್ಕರೆಯ ಕೆಲಸ ಇನ್ನೂ ನಿಧಾನ. ಬೆಳಕಿನ ಹೊರೆ ಇನ್ನೂ ಭಾರ. ನಾನು ಬುಡಕ್ಕೆ ಎಷ್ಟು ನೀರು ಸುರಿದರೂ ಉಪಯೋಗವಾಗದ್ದು ಇದಕ್ಕೇ.

ಹಾಗಾದರೆ ಕತ್ತಲೆಯಲ್ಲೇ ಇಟ್ಟರೆ ಆಯಿತು ಅಲ್ವಾ ಎಂದು ಕೇಳಬಹುದು. ಇಲ್ಲಿಂದ ಮುಂದಿನದನ್ನು ನನಗೆ ಕಲಿಸಿದವರು ಚನ್ನಗಿರಿ ಕಡೆಯ ನಮ್ಮ ಸೋದರಮಾವ. ಅವರದು ಅಡಿಕೆ ತೋಟ. ಗಿಡ ಹೋದ ಸುದ್ದಿ ಹೇಳಿದಾಗ ಅವರು ಸಮಾಧಾನ ಹೇಳಲಿಲ್ಲ. ತೋಟಕ್ಕೆ ಕರೆದುಕೊಂಡು ಹೋದರು.

“ಅಲ್ಲಪ್ಪಾ, ಅಡಿಕೆ ಸಸಿಗೇ ಮೊದಲ ಎರಡು ಬ್ಯಾಸಿಗೆ ಬಾಳೆ ನೆರಳು ಬೇಕು. ಕಾಡಿನ ಗಿಡ ತಂದು ಗೋಡೆ ಮಗ್ಗುಲಿಗೆ ಇಟ್ಟೀಯಲ್ಲ” ಎಂದರು.

“ನೆರಳು ಇತ್ತು ಮಾವ, ಡಿಸೆಂಬರ್‌ನಲ್ಲಿ.”

“ಗೋಡೆ ನೆರಳು ಬ್ಯಾರೆ, ಎಲೆ ನೆರಳು ಬ್ಯಾರೆ. ಇಲ್ಲಿ ಸ್ವಲ್ಪ ಹೊತ್ತು ಕುಂತು ನೋಡು.”

ಕೂತು ನೋಡಿದೆ. ತೋಟದೊಳಗೆ ನೆಲದ ಮೇಲೆ ಬಿಸಿಲ ತುಣುಕುಗಳು ಸರಿಯುತ್ತಿದ್ದವು. ಸೋಗೆ ಅಲುಗಿದಾಗ ಒಂದು ತುಣುಕು ಮಾಯ, ಮತ್ತೊಂದು ಹುಟ್ಟುತ್ತಿತ್ತು. ಮೊಬೈಲ್‌ನಲ್ಲಿ ಬೆಳಕು ಅಳೆಯುವ ಒಂದು ಆ್ಯಪ್ ಹಾಕಿಕೊಂಡು ನೆಲದ ಮೇಲಿಟ್ಟೆ. ಅಂಕಿ ಒಂದು ಕಡೆ ನಿಲ್ಲಲೇ ಇಲ್ಲ. ಒಂದು ಕ್ಷಣ ಇದ್ದದ್ದು ಮರುಕ್ಷಣ ಎಷ್ಟೋ ಪಟ್ಟು ಏರುತ್ತಿತ್ತು. ನನ್ನ ಕಣ್ಣಿಗೆ ಮಾತ್ರ ಅಷ್ಟೊಂದು ಅಂತರ ಕಾಣಲಿಲ್ಲ. ಕಣ್ಣು ತಾನೇ ಹೊಂದಿಸಿಕೊಳ್ಳುವುದರಿಂದ ಬೆಳಕು ಅಳೆಯಲು ಅದನ್ನು ನಂಬುವಂತಿಲ್ಲ.

ಕಾಡಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ನಡುಹಗಲ ಬಯಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ). ದಟ್ಟವಾದ ಮಳೆಕಾಡಿನ ನೆಲಕ್ಕೆ ಇಳಿಯುವುದು ಅದರಲ್ಲಿ ನೂರಕ್ಕೆ ಒಂದೋ ಎರಡೋ ಪಾಲು. ಅಂದರೆ 1,000ದಿಂದ 2,000 ಲಕ್ಸ್. ದೀಪ ಹಾಕಿದ ಆಫೀಸಿನ ಮೇಜಿನ ಮೇಲೆ ಸುಮಾರು 500 ಲಕ್ಸ್ ಇರುತ್ತದೆ. ಅದರ ಎರಡರಿಂದ ನಾಲ್ಕು ಪಟ್ಟು ಅಷ್ಟೇ! ಇಷ್ಟರಲ್ಲಿ ಒಂದು ಮರದ ಸಸಿ ಬದುಕುವುದು ಹೇಗೆ?

ಒಂದು, ಅದು ಖರ್ಚು ಕಡಿಮೆ ಮಾಡಿಕೊಳ್ಳುತ್ತದೆ. ಗಿಡವೂ ಉಸಿರಾಡುತ್ತದೆ, ಮಾಡಿದ ಸಕ್ಕರೆಯಲ್ಲಿ ಒಂದಿಷ್ಟನ್ನು ತಾನೇ ಉರಿಸುತ್ತದೆ. ಗಳಿಕೆ ಮತ್ತು ಖರ್ಚು ಸಮವಾಗುವ ಬೆಳಕಿನ ಮಟ್ಟ ಒಂದಿದೆ. ಅದಕ್ಕಿಂತ ಕಡಿಮೆ ಬೆಳಕಿನಲ್ಲಿ ಗಿಡ ನಿಧಾನವಾಗಿ ಹಸಿವಿನಿಂದ ಸಾಯುತ್ತದೆ. ಬಿಸಿಲಿನ ಗಿಡಗಳಿಗೆ ಈ ಮಟ್ಟ ಮೇಲಿರುತ್ತದೆ, ನೆರಳಿನ ಗಿಡಗಳಿಗೆ ತುಂಬ ಕೆಳಗೆ. ಬಾಡಿಗೆ ಕಡಿಮೆ ಇರುವ ಸಣ್ಣ ಅಂಗಡಿ ಅಲ್ಪಸ್ವಲ್ಪ ವ್ಯಾಪಾರದಲ್ಲೂ ನಡೆಯುತ್ತದಲ್ಲ, ಹಾಗೆ. ಎಲೆಯೂ ಅದಕ್ಕೆ ತಕ್ಕಂತಿರುತ್ತದೆ. ತೆಳ್ಳಗೆ, ಅಗಲವಾಗಿ. ಬಿಸಿಲಿನಲ್ಲಿ ಹುಟ್ಟಿದ ಎಲೆ ಚಿಕ್ಕದು, ದಪ್ಪ. ಒಂದೇ ಮರದ ತುದಿಯ ಎಲೆ ಮತ್ತು ಬುಡದ ಎಲೆಯನ್ನು ಕೈಯಲ್ಲಿ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ. ಮಾವಿನ ಮರದಲ್ಲೂ ನೋಡಬಹುದು.

ಎರಡು, ಬಿಸಿಲುಕೋಲು. ಮೇಲಿನ ಎಲೆಗಳ ಸಂದಿಯಿಂದ ಕೆಲವು ಸೆಕೆಂಡು, ಕೆಲವು ನಿಮಿಷ ನೇರವಾಗಿ ಇಳಿಯುವ ಬಿಸಿಲು. ಕಾಡಿನ ನೆಲದ ಗಿಡಕ್ಕೆ ದಿನದಲ್ಲಿ ಸಿಗುವ ಒಟ್ಟು ಬೆಳಕಿನಲ್ಲಿ ದೊಡ್ಡ ಪಾಲು ಹಲವು ಕಡೆ ಇದರಿಂದಲೇ ಬರುತ್ತದೆ. ಆದರೆ ಬಿಸಿಲು ಬಿದ್ದ ತಕ್ಷಣ ಎಲೆ ಪೂರ್ತಿ ಕೆಲಸಕ್ಕೆ ಇಳಿಯುವುದಿಲ್ಲ. ಕಿಣ್ವಗಳು ಎಚ್ಚರಾಗಬೇಕು, ಪತ್ರರಂಧ್ರಗಳು ತೆರೆಯಬೇಕು. ಬಹಳ ಹೊತ್ತು ನೆರಳಲ್ಲಿದ್ದ ಎಲೆಗೆ ಇದಕ್ಕೆ ಹತ್ತಿಪ್ಪತ್ತು ನಿಮಿಷವೇ ಹಿಡಿಯಬಹುದು. ಮೊದಲ ಬಿಸಿಲುಕೋಲು ಎಲೆಯನ್ನು ಎಬ್ಬಿಸುತ್ತದೆ. ಬೆನ್ನಿಗೇ ಬರುವ ಎರಡನೆಯದು, ಮೂರನೆಯದನ್ನು ಎಲೆ ಚೆನ್ನಾಗಿ ಬಳಸಿಕೊಳ್ಳುತ್ತದೆ. ನಡುವೆ ಬರುವ ನೆರಳಿನಲ್ಲಿ ಎಲೆ ತಣ್ಣಗಾಗುತ್ತದೆ, ಹಾನಿ ಆಗಿದ್ದರೆ ರಿಪೇರಿಯೂ ಆಗುತ್ತದೆ. ದಿನದ ಲೆಕ್ಕದಲ್ಲಿ ಅಷ್ಟೇ ಬೆಳಕನ್ನು ಮಧ್ಯಾಹ್ನ ಒಂದೇ ಗಂಟೆಯಲ್ಲಿ ಸುರಿದರೆ ಎಲೆ ಸುಡುತ್ತದೆ. ನಮ್ಮ ಮನೆಯ ಪಕ್ಕ ಆದದ್ದು ಇದು. ನಡುವೆ ನೆರಳೇ ಇಲ್ಲದೆ, ಮಧ್ಯಾಹ್ನ ಪೂರ್ತಿ ಬಿಸಿಲು.

ಗೋಡೆ ನೆರಳು ಬೇರೆ, ಎಲೆ ನೆರಳು ಬೇರೆ ಎಂದು ಮಾವ ಹೇಳಿದ್ದಕ್ಕೆ ಇನ್ನೊಂದು ಅರ್ಥವೂ ಇದೆ. ಅವರು ಅದನ್ನು ಅನುಭವದಿಂದ ಹೇಳಿದ್ದು. ವಿಜ್ಞಾನ ಅದಕ್ಕೆ ಕಾರಣ ಕೊಡುತ್ತದೆ. ಹಸಿರು ಎಲೆ ಬಿಸಿಲಿನ ನೀಲಿಯನ್ನೂ ಕೆಂಪನ್ನೂ ಹೀರಿಕೊಳ್ಳುತ್ತದೆ. ಕೆಂಪಿನ ಅಂಚಿನ ಆಚೆ, ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಇನ್ನೊಂದು ಕೆಂಪು ಇದೆ. ಅದನ್ನು ಆಚೆಗೆಂಪು ಎಂದು ಕರೆಯೋಣ. ಅದನ್ನು ಎಲೆ ಹೀರುವುದಿಲ್ಲ, ಕೆಳಗೆ ಬಿಟ್ಟುಬಿಡುತ್ತದೆ. ಬಯಲಿನಲ್ಲಿ ಕೆಂಪು ಮತ್ತು ಆಚೆಗೆಂಪು ಹೆಚ್ಚುಕಡಿಮೆ ಸಮ. ಕೆಂಪೇ ಸ್ವಲ್ಪ ಜಾಸ್ತಿ. ದಟ್ಟ ಎಲೆಗಳ ಕೆಳಗೆ ಆಚೆಗೆಂಪು ಎಷ್ಟೋ ಪಟ್ಟು ಜಾಸ್ತಿ. ಗಿಡದಲ್ಲಿರುವ ಫೈಟೋಕ್ರೋಮ್ ಎಂಬ ಪ್ರೋಟೀನ್ ಈ ಎರಡರ ಪ್ರಮಾಣವನ್ನು ಗುರುತಿಸುತ್ತದೆ. ತನ್ನ ಮೇಲಿರುವುದು ಗೋಡೆಯೋ ಮೋಡವೋ ಅಥವಾ ಇನ್ನೊಂದು ಗಿಡವೋ ಎಂದು ಗಿಡಕ್ಕೆ ತಿಳಿಯುವುದು ಹೀಗೆ.

ಈ ಸೂಚನೆ ಸಿಕ್ಕಾಗ ಬಯಲಿನ ಗಿಡ ಗಾಬರಿಯಾದಂತೆ ಉದ್ದಕ್ಕೆ ಎಳೆಯುತ್ತದೆ. ಒತ್ತಾಗಿ ಬಿತ್ತಿದ ಮೆಕ್ಕೆಜೋಳ ಸಣಕಲಾಗಿ ಎತ್ತರ ಏರಿ ಗಾಳಿಗೆ ಬೀಳುವುದು ಇದಕ್ಕೇ. ನೆರಳನ್ನು ಸಹಿಸುವ ಕಾಡಿನ ಸಸಿಗಳು ಹಾಗೆ ಓಡುವುದಿಲ್ಲ. ಮೇಲೆ ನಲವತ್ತು ಅಡಿ ಮರ ಇರುವಾಗ ಎರಡಡಿಯ ಸಸಿ ಓಡಿ ಮುಟ್ಟುವುದಾದರೂ ಎಲ್ಲಿಗೆ? ಅವು ಕಾಂಡ ಗಟ್ಟಿ ಮಾಡಿಕೊಂಡು, ವರ್ಷಕ್ಕೆ ಕೆಲವೇ ಎಲೆ ಬಿಡುತ್ತಾ ಕಾಯುತ್ತವೆ. ಒಂದು ದೊಡ್ಡ ಮರ ಬಿದ್ದು ಮೇಲೆ ಕಿಂಡಿ ತೆರೆದಾಗ ಬೇಗ ಬೇಗ ಬೆಳೆಯುತ್ತವೆ. ಹಳ್ಳದ ಪಕ್ಕದಲ್ಲಿ ಅಂಥ ಕಿಂಡಿ ಸಹಜವಾಗಿಯೇ ಇರುತ್ತದೆ. ನೀರಿನ ಮೇಲೆ ಆಕಾಶದ ಒಂದು ಪಟ್ಟಿ ತೆರೆದಿರುತ್ತದೆ. ಅಶೋಕ ಹಳ್ಳದ ದಂಡೆಯಲ್ಲಿ ಚೆನ್ನಾಗಿ ಬರುವುದಕ್ಕೆ ನೀರಿನ ಜೊತೆಗೆ ಈ ಹದವಾದ ಬೆಳಕೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ.

ಅಶೋಕದ ಚಿಗುರನ್ನು ನೋಡಿದವರಿಗೆ ಒಂದು ಸಂಗತಿ ನೆನಪಿರುತ್ತದೆ. ಹೊಸ ಎಲೆಗಳು ಗೊಂಚಲಾಗಿ, ತಾಮ್ರದ ಕೆಂಪಿನಲ್ಲಿ, ಒದ್ದೆ ಬಟ್ಟೆಯ ಹಾಗೆ ಕೆಳಗೆ ಜೋತು ಬೀಳುತ್ತವೆ. ಮುಟ್ಟಿದರೆ ರೇಷ್ಮೆ. ಗಿಡ ಬಾಡಿತು ಅಂತ ತಿಳಿದು ಹೆಚ್ಚು ನೀರು ಹಾಕುವವರಿದ್ದಾರೆ. ಅದು ಬಾಡಿದ್ದಲ್ಲ. ಎಳೆ ಎಲೆಯಲ್ಲಿ ಸಕ್ಕರೆ ಮಾಡುವ ವ್ಯವಸ್ಥೆ ಇನ್ನೂ ಸಿದ್ಧವಾಗಿರುವುದಿಲ್ಲ. ಆಗ ಬಿಸಿಲು ಬಿದ್ದರೆ ಪೂರ್ತಿ ಹೊರೆಯೇ. ಜೋತು ಬಿದ್ದ ಎಲೆಯ ಮೇಲೆ ನೆತ್ತಿಯ ಬಿಸಿಲು ಓರೆಯಾಗಿ ಬೀಳುತ್ತದೆ, ತಾಗುವುದು ಕಡಿಮೆ. ಆ ಕೆಂಪು ಬಣ್ಣ ಆಂಥೋಸಯಾನಿನ್ ಎಂಬ ವರ್ಣದ್ರವ್ಯದ್ದು. ಒಂದಿಷ್ಟು ಬೆಳಕನ್ನು ಅದು ಪರದೆಯ ಹಾಗೆ ತಡೆಯುತ್ತದೆ. ಕೆಲವು ದಿನಗಳಲ್ಲಿ ಎಲೆ ಹಸಿರಾಗಿ, ಗಟ್ಟಿಯಾಗಿ, ಅಡ್ಡಕ್ಕೆ ಎದ್ದು ನಿಲ್ಲುತ್ತದೆ. ಇಷ್ಟು ಜೋಪಾನವಾಗಿ ತನ್ನ ಎಳೆ ಎಲೆಯನ್ನು ಕಾಯುವ ಗಿಡವನ್ನು ನಾವು ನಡುಬಯಲಲ್ಲಿ ನೆಡುತ್ತೇವಲ್ಲ ಎಂದು ಆ ಚಿಗುರು ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ವನಮಹೋತ್ಸವ ಜುಲೈ ಮೊದಲ ವಾರದಲ್ಲಿ ಬರುತ್ತದೆ. ಆಗ ಮೋಡ ಕವಿದಿರುತ್ತದೆ. ಮೋಡದ ಬೆಳಕು ಎಲ್ಲ ಕಡೆಯಿಂದ ಮೆತ್ತಗೆ ಬರುತ್ತದೆ, ಗಾಳಿ ತೇವವಾಗಿರುತ್ತದೆ. ಬಯಲಲ್ಲಿ ನೆಟ್ಟ ಅಶೋಕವೂ ಆಗ ನಗುತ್ತಿರುತ್ತದೆ. ಪರೀಕ್ಷೆ ಬರುವುದು ಮುಂದಿನ ಫೆಬ್ರವರಿಗೆ. ಅಷ್ಟರಲ್ಲಿ ನೋಡುವವರು ಕಡಿಮೆ. ಹೊಂಗೆ, ಬೇವು, ಹುಣಸೆಗೆ ಬಯಲು ಸರಿ. ಅಶೋಕಕ್ಕೆ ಮೊದಲೇ ಬೆಳೆದ ಹೊಂಗೆಯ ಅಡಿ ಬೇಕು.

ಕಾಡಿನಲ್ಲೂ ಇದೇ ತೊಂದರೆ ಬೇರೆ ರೂಪದಲ್ಲಿದೆ. ತೊಗಟೆ ಸುತ್ತ ಸುಲಿದರೆ ಆ ಮರ ಒಣಗುತ್ತದೆ. ಹೋಗುವುದು ಒಂದು ಮರ ಮಾತ್ರ ಅಲ್ಲ, ಅದರ ಕೆಳಗಿನ ನೆರಳೂ ಹೋಗುತ್ತದೆ. ಅಶೋಕದ ಬೀಜ ಬಹಳ ದಿನ ಇಟ್ಟರೆ ಹುಟ್ಟುವುದಿಲ್ಲ. ಬಿದ್ದ ಸ್ವಲ್ಪ ದಿನದಲ್ಲೇ ತೇವದ ನೆರಳಲ್ಲಿ ಮೊಳೆಯಬೇಕು. ರಸ್ತೆಗೋ ಇನ್ನೊಂದಕ್ಕೋ ಕಾಡನ್ನು ಸೀಳಿದಾಗ ಆ ಅಂಚಿನಿಂದ ಬಿಸಿಲು ಮತ್ತು ಒಣಗಾಳಿ ಒಳಕ್ಕೆ ನುಗ್ಗುತ್ತವೆ. ಅಲ್ಲಿ ಲಂಟಾನ, ಯುಪಟೋರಿಯಂ ಎದ್ದು ಬಿಡುತ್ತವೆ. ಅವು ಬಿಸಿಲು ಬಲ್ಲ ಕಳೆಗಳು. ನೆಲವನ್ನು ಎಷ್ಟು ಒತ್ತಾಗಿ ಮುಚ್ಚುತ್ತವೆ ಎಂದರೆ, ನೆರಳಿನ ಸಸಿಗೂ ಅದರಡಿ ಉಸಿರಾಡಲು ಬೆಳಕು ಸಾಲದು. ಮೇಲಿನ ಮರ ಹೋದ ಕಡೆ ಮೊದಲು ಬಿಸಿಲು ಜಾಸ್ತಿಯಾಗಿ, ಆಮೇಲೆ ಬೆಳಕು ಕಡಿಮೆಯಾಗಿ, ಎರಡೂ ರೀತಿಯಲ್ಲಿ ಈ ಗಿಡ ಸೋಲುತ್ತದೆ.

ಮನೆಯಲ್ಲಿ ಬೆಳೆಸುವ ಆಸೆ ಇರುವವರಿಗೆ ಒಂದೆರಡು ಮಾತು. ನರ್ಸರಿಯಲ್ಲಿ ಹಸಿರು ನೆಟ್ ಅಡಿ ಬೆಳೆದ ಸಸಿ ತಂದ ದಿನವೇ ಬಿಸಿಲಿಗೆ ಇಡಬೇಡಿ. ನಿಧಾನಕ್ಕೆ ಬಿಸಿಲಿಗೆ ಒಗ್ಗಿಸಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಒಗ್ಗುವುದು ಹಳೆಯ ಎಲೆಯಲ್ಲ ಎಂಬುದು ಮುಖ್ಯ. ಎಲೆಯ ದಪ್ಪ ಅದು ಬಲಿಯುವ ಹೊತ್ತಿಗೆ ನಿರ್ಧಾರವಾಗಿ ಹೋಗುತ್ತದೆ. ನೆರಳಲ್ಲಿ ಬಲಿತ ಎಲೆ ಆಮೇಲೆ ಬಿಸಿಲಿನ ಎಲೆ ಆಗಲಾರದು. ಹೊಸದಾಗಿ ಹುಟ್ಟುವ ಎಲೆ ತಾನು ಕಂಡ ಬೆಳಕಿಗೆ ತಕ್ಕಂತೆ ಬೆಳೆಯುತ್ತದೆ. ಹಾಗಾಗಿ ದಿನದ ಲೆಕ್ಕ ಹಿಡಿಯುವುದಕ್ಕಿಂತ ಚಿಗುರಿನ ಲೆಕ್ಕ ಹಿಡಿಯಿರಿ. ಒಂದು ಚಿಗುರು ಬಂದು ಹಸಿರಾಗಿ ಬಲಿತ ಮೇಲೆ ಸ್ವಲ್ಪ ಬೆಳಕು ಹೆಚ್ಚಿಸಿ. ಮುಂದಿನ ಚಿಗುರಿಗೆ ಇನ್ನೂ ಸ್ವಲ್ಪ. ಬೆಳಗಿನ ಬಿಸಿಲು ಒಳ್ಳೆಯದು, ಗಾಳಿ ಇನ್ನೂ ತಂಪಾಗಿರುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರ ಪಡುವಣ ಬಿಸಿಲೇ ಕೆಟ್ಟದ್ದು. ಅಡಿಕೆ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ತೋಟದ ಪಶ್ಚಿಮದ ಅಂಚಿನ ಮರಗಳ ಕಾಂಡಕ್ಕೆ ಸುಣ್ಣ ಬಳಿಯುವುದು, ಸೋಗೆ ಕಟ್ಟುವುದು ಈ ಬಿಸಿಲೇಟು ತಪ್ಪಿಸಲೆಂದೇ.

ನನ್ನ ಎರಡನೆಯ ಸಸಿ ಈಗ ಮಾವನ ತೋಟದಲ್ಲಿದೆ. ನಾಲ್ಕು ಅಡಿಕೆ ಮರಗಳ ನಡುವೆ, ಎರಡು ಬಾಳೆಯ ಮಗ್ಗುಲಿಗೆ, ಬಸಿಗಾಲುವೆಯ ಹತ್ತಿರ. ಎರಡು ಬೇಸಿಗೆ ದಾಟಿದೆ. ಎದೆಯ ಎತ್ತರಕ್ಕೆ ಬಂದಿದೆ. ಎಲೆಯಲ್ಲಿ ಒಂದೂ ಮಚ್ಚೆ ಇಲ್ಲ. ಆದರೆ ಇಷ್ಟೇ ನೆರಳಲ್ಲಿ ಕಾಲಕಳೆದರೆ ಗಿಡ ಬದುಕುತ್ತದೆ, ಹೂ ಬಿಡುವುದು ಕಷ್ಟ. ಹೂವು, ಕಾಯಿ, ಬೀಜ ಎಲ್ಲಕ್ಕೂ ಕೂಡಿಟ್ಟ ಸಕ್ಕರೆ ಬೇಕು. ಅದಕ್ಕೆ ಈಗಿರುವುದಕ್ಕಿಂತ ಜಾಸ್ತಿ ಬೆಳಕು ಬೇಕು. ಕಳೆದ ವಾರ ಹೋದಾಗ ತುದಿಯಲ್ಲಿ ಕೆಂಪು ಚಿಗುರು ಜೋತುಬಿದ್ದಿತ್ತು. ಮಾವ ಪೂರ್ವದ ಕಡೆಯ ಬಾಳೆ ತೋರಿಸಿ, “ಇದನ್ನು ತೆಗೆದುಬಿಡೋಣೇನು?” ಎಂದು ಕೇಳಿದರು. ಈ ಚಿಗುರು ಹಸಿರಾಗಲಿ ಮಾವ, ಆಮೇಲೆ ತೆಗೆಯೋಣ ಎಂದೆ. ಪಡುವಣದ ಬಾಳೆ ಹಾಗೇ ಇರುತ್ತದೆ.